ಆರು ಟ್ರಿಪ್ ನೀರು

"ಅಜ್ಜಾ, ನನ್ನ ಗಿಡಕ್ಕೆ ಯಾರೂ ನೀರೇ ಹಾಕ್ತಿಲ್ವಾ?"

ಬಾಲ್ಕನಿಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು ರೇಡಿಯೋ. ಐದನೇ ಕ್ಲಾಸಿನ ಹುಡುಗಿ. ಬಾಯಿ ತೆರೆದರೆ ಆಫ್ ಮಾಡುವ ಬಟನ್ನೇ ಇಲ್ಲವೆಂದು ಮನೆಯವರು ಇಟ್ಟ ಹೆಸರು ಅದು.

ಅವಳೆದುರು ಒಂದು ಕೆಂಪು ಬಕೆಟ್. ಅದರಲ್ಲಿ ಟೊಮೆಟೊ ಗಿಡ. ಎಲೆಗಳು ಹಳದಿಯಾಗಿ ಜೋತುಬಿದ್ದಿದ್ದವು. ಇನ್ನು ಹದಿನೈದು ದಿನಕ್ಕೆ ಅದನ್ನು ಸ್ಕೂಲಿಗೆ ಒಯ್ಯಬೇಕು. 'ಗಿಡ ಬೆಳೆಸುವುದು ಹೇಗೆ' ಎಂದು ಇಡೀ ಕ್ಲಾಸಿಗೆ ಭಾಷಣ ಬಿಗಿದವಳೂ ಇವಳೇ.

"ಹಾಕ್ತಿದ್ದೀನಲ್ಲ," ಎಂದರು ಅಜ್ಜ.

"ಇನ್ನೂ ಜಾಸ್ತಿ ಹಾಕು!"

"ಆಗಲಿ, ಮೇಡಂ."

ಅಜ್ಜ ಮೂವತ್ತು ವರ್ಷ ಬಸ್ ಓಡಿಸಿ ರಿಟೈರ್ ಆದವರು. ಪೇಪರ್ ತರಲು ಹೊರಟರೆ ಅಪ್ಪ, "ನೀನ್ಯಾಕಪ್ಪಾ ಮೆಟ್ಟಿಲು ಇಳೀತೀಯ?" ಅನ್ನುತ್ತಿದ್ದ. ಲೋಟ ತೊಳೆಯಲು ಹೋದರೆ ಅಮ್ಮ, "ಬಿಡಿ ಮಾವ, ರೆಸ್ಟ್ ತಗೊಳ್ಳಿ." ರೇಡಿಯೋ ಕೂಡ ಅದನ್ನೇ ಹೇಳುತ್ತಿದ್ದಳು, ಇನ್ನೂ ಜೋರಾಗಿ. ಅಜ್ಜನಿಗೆ ಉಳಿದಿದ್ದ ಡ್ಯೂಟಿ ಆ ಬಕೆಟ್ ಒಂದೇ.

ಎರಡು ದಿನದಲ್ಲಿ ಗಿಡ ಇನ್ನಷ್ಟು ಸೊರಗಿತು. ರೇಡಿಯೋ ಪಕ್ಕದ ಬೀದಿಯ ನರ್ಸರಿ ಅಕ್ಕನನ್ನು ಕೈಹಿಡಿದು ಎಳೆದುಕೊಂಡೇ ಬಂದಳು.

ಅಕ್ಕ ಮಣ್ಣಿಗೆ ಬೆರಳು ತೂರಿಸಿದಳು. ಪಚಕ್ ಅಂತು. ಬೆರಳು ಮೂಸಿ ಮುಖ ಕಿವುಚಿದಳು.

"ಅಯ್ಯೋ, ಇದಕ್ಕೆ ನೀರು ಜಾಸ್ತಿಯಾಗಿದೆ! ಬೇರಿಗೆ ಉಸಿರಾಡೋಕೂ ಬಿಟ್ಟಿಲ್ಲ ನೀವು. ಬಕೆಟ್ಟಿನ ತಳದಲ್ಲಿ ತೂತೆಲ್ಲಿ?"

"ತೂತಿದ್ರೆ ನೀರೆಲ್ಲ ಸೋರಿಹೋಗಲ್ವಾ?"

"ಸೋರಿಹೋಗ್ಬೇಕು ಕಣೇ! ದಿನಕ್ಕೆ ಎಷ್ಟು ಸಲ ಹಾಕ್ತೀರಿ?"

ಬಾಗಿಲ ಬಳಿ ನಿಂತಿದ್ದ ಅಜ್ಜ ಮೆಲ್ಲಗೆ ಹೇಳಿದರು, "ಆರು ಟ್ರಿಪ್. ಒಂದು ದಿನವೂ ಲೇಟ್ ಮಾಡಿಲ್ಲ."

"ಇವತ್ತೇ ತೂತು ಮಾಡಿ, ಹೊಸ ಮಣ್ಣು ಹಾಕಿ. ಮೇಲಿನ ಮಣ್ಣು ಒಣಗಿದ್ರೆ ಮಾತ್ರ ನೀರು," ಎಂದು ಅಕ್ಕ ಹೊರಟಳು.

'ಎಲ್ಲಾ ನಿನ್ನಿಂದಲೇ' ಎಂಬ ಮಾತು ರೇಡಿಯೋಳ ನಾಲಿಗೆಯ ತುದಿಗೆ ಬಂತು. ಅಜ್ಜ ನೀರಿನ ಮಗ್ಗನ್ನು ಬೆನ್ನಹಿಂದೆ ಬಚ್ಚಿಟ್ಟುಕೊಂಡಿದ್ದರು. ಇನ್ನೂ ಜಾಸ್ತಿ ಹಾಕು ಅಂದವಳು ತಾನೇ ಅಲ್ಲವೇ? ಮಾತು ನುಂಗಿಕೊಂಡಳು.

"ಹೋಗ್ಲಿ ಬಿಡಿ ಮಾವ," ಎಂದಳು ಅಮ್ಮ, ಬಹಳ ಪ್ರೀತಿಯಿಂದ. "ಇನ್ಮೇಲೆ ಗಿಡಾನೂ ನಾನೇ ನೋಡ್ಕೋತೀನಿ. ನೀವು ಹಾಯಾಗಿ ಕೂತ್ಕೊಳ್ಳಿ."

ಅಜ್ಜ ಹಾಯಾಗಿ ಕೂತರು. ದೊಡ್ಡ ದೊಡ್ಡ ಕೈಗಳನ್ನು ಮಂಡಿಯ ಮೇಲೆ ಇಟ್ಟುಕೊಂಡು, ಗೋಡೆ ನೋಡುತ್ತಾ.

ರೇಡಿಯೋ ಗಿಡವನ್ನು ನೋಡಿದಳು. ಅಜ್ಜನನ್ನು ನೋಡಿದಳು. ಆಮೇಲೆ ಒಳಗೆ ಹೋಗಿ ಒಂದು ದಪ್ಪ ಮೊಳೆ, ಇಕ್ಕಳ ತಂದಳು.

"ಅಜ್ಜಾ, ಮೊಳೆ ಕಾಯಿಸಿ ತೂತು ಮಾಡೋಕೆ ನಿಂಗೆ ಬರುತ್ತಾ?"

"ಬರುತ್ತಾ ಅಂದ್ರೆ? ನಡುದಾರೀಲಿ ಕೆಟ್ಟು ನಿಂತ ಬಸ್ಸನ್ನೇ ಎಬ್ಬಿಸಿದೋನು ನಾನು!"

"ಮಾವ, ಕೈ ಸುಟ್ಟುಕೊಂಡೀರಿ, ನೀವ್ಯಾಕೆ..." ಎಂದು ಅಮ್ಮ ಶುರು ಮಾಡಿದಳು. ರೇಡಿಯೋ ಅವಳ ಸೆರಗು ಹಿಡಿದು ಮೆಲ್ಲಗೆ ಜಗ್ಗಿದಳು. ಅಮ್ಮ ಹೋಗಿ ಒಲೆ ಹಚ್ಚಿಕೊಟ್ಟಳು.

ಏಳು ತೂತು ಬಿದ್ದವು. ಒಂದು ಸ್ವಲ್ಪ ಸೊಟ್ಟಗಿತ್ತು. ಹೊಸ ಮಣ್ಣು ತುಂಬಿದ ಮೇಲೆ, ದಿನಾ ಮಣ್ಣು ಮುಟ್ಟಿ ನೋಡಿ ನೀರು ಹಾಕುವ ಡ್ಯೂಟಿ ಮತ್ತೆ ಅಜ್ಜನದೇ ಆಯಿತು.

ಅದಾದ ಹನ್ನೆರಡನೇ ದಿನ ಬೆಳಿಗ್ಗೆ ಹಲ್ಲುಜ್ಜುತ್ತಾ ಬಾಲ್ಕನಿಗೆ ಹೋದ ರೇಡಿಯೋ, ಹೊಸ ಎಲೆಗಳ ನಡುವೆ ಒಂದು ಪುಟ್ಟ ಹಳದಿ ಹೂ ನೋಡಿದಳು. ಕಿರುಚಲು ಬಾಯಿ ತೆರೆದಳು. ಏನೋ ಯೋಚಿಸಿ ಮುಚ್ಚಿದಳು. ಮೆಲ್ಲಗೆ ಒಳಗೆ ಬಂದು ಬಾಯಿ ತೊಳೆದುಕೊಂಡಳು.

ಸ್ವಲ್ಪ ಹೊತ್ತಿಗೆ ಅಜ್ಜನ ಕೂಗು ಇಡೀ ಮನೆಗೆ ಕೇಳಿಸಿತು.

"ಏ ರೇಡಿಯೋ! ಬಾ ಇಲ್ಲಿ! ಹೂ ಬಿಟ್ಟಿದೆ!"

"ಹೌದಾ?" ಎನ್ನುತ್ತಾ ಅವಳು ಓಡಿದಳು. "ಎಲ್ಲಿ ಅಜ್ಜಾ? ನಂಗೆ ಕಾಣಿಸ್ತಾನೇ ಇಲ್ಲ, ತೋರಿಸು!"