ಕೈಬಲೆ ಹಿಡಿದವರು

"ಇಷ್ಟು ಹೊತ್ತಿಗೆ ಬರೋದಾ? ಮೀನುಗಳೆಲ್ಲ ತಿಂಡಿ ಮುಗಿಸಿ ಮಲಗಿರ್ತವೆ."

ಹದಿಮೂರು ತಿಂಗಳ ಮೌನದ ನಂತರ ಟ್ಯಾಮ್ಸಿನ್ ಲೆಫ್ಟೆರಿಗೆ ಹೇಳಿದ ಮೊದಲ ಮಾತು ಇದು. ನದಿಗೆ ದೋಣಿ ಇಳಿಸುವ ಜಾಗದಲ್ಲಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಬೆಳಗಿನ ಆರೂವರೆಗೇ ಅವಳ ಮುಖ ಕಾದ ಹೆಂಚಾಗಿತ್ತು.

"ನಿನಗೂ ಗುಡ್ ಮಾರ್ನಿಂಗ್," ಎಂದ ಅವನು, ಅವಳ ಕಡೆ ನೋಡದೆ.

ಮಾರ್ಚ್ ಕೊನೆ, ಏಪ್ರಿಲ್ ಬಂತೆಂದರೆ ಮಳೆಗಾಲದ ನೀರು ಬಯಲಿನಿಂದ ಇಳಿದು, ತೊರೆ ತೊರೆಯಾಗಿ ಡೇಲಿ ನದಿಗೆ ಸೇರುತ್ತದೆ. ತೊರೆಯ ತಿಳಿನೀರು ನದಿಯ ಕೆಸರಿಗೆ ತಾಗುವ ಗೆರೆಯಲ್ಲಿ ಬ್ಯಾರಮಂಡಿ ಮೀನು ಹೊಂಚು ಹಾಕುತ್ತದೆ. ಡಾರ್ವಿನ್ ಪಟ್ಟಣದ ಜನ ಏನೇನೋ ನೆಪ ಹೇಳಿ ರಜೆ ಹಾಕುವುದು ಈ ಕೆಲವು ವಾರಗಳಿಗೇ. ಕರೆಂಟ್ ಕೆಲಸದ ಟ್ಯಾಮ್ಸಿನ್, ಟೈಲ್ಸ್ ಹಾಕುವ ಲೆಫ್ಟೆರಿ ಆರು ವರ್ಷ ಹೀಗೆಯೇ ಜೊತೆಯಾಗಿ ಬಂದವರು. ಈ ಅಲ್ಯುಮಿನಿಯಂ ದೋಣಿಯನ್ನೂ ಇಬ್ಬರೂ ಸೇರಿಯೇ ಕೊಂಡಿದ್ದರು.

ಇವತ್ತು ಬಂದಿದ್ದು ಆ ದೋಣಿಯ ವಿಷಯವನ್ನು ಇತ್ಯರ್ಥ ಮಾಡಿಕೊಳ್ಳಲು. ಮಧ್ಯಾಹ್ನ ಹನ್ನೆರಡರೊಳಗೆ ಯಾರ ಮೀನು ಉದ್ದವೋ ದೋಣಿ ಅವರದು, ಸೋತವರು ಇನ್ನು ಇದಕ್ಕೆ ಕಾಲಿಡಕೂಡದು. ಹಾಗೆಂದು ಎರಡು ಸಾಲಿನ ಮೆಸೇಜ್ ಕಳಿಸಿದವಳು ಅವಳೇ. "ಸರಿ" ಎಂದು ಅವನು ಉತ್ತರ ಕೊಟ್ಟಿದ್ದ. ಆ ಒಂದು ಪದ ನೋಡಿ ಅವಳಿಗೆ ಮೈಯೆಲ್ಲ ಉರಿದಿತ್ತು. ಬೇಡ ಅನ್ನಬಾರದಿತ್ತೇ, ಪಾಪಿ?

ಹಿಂದಿನ ವರ್ಷ ಇಲ್ಲಿನ ಒಂದು ತೊರೆಯ ಬಾಯಲ್ಲಿ ಅವಳ ಗಾಳಕ್ಕೆ ಮೀಟರ್ ಉದ್ದದ ಬ್ಯಾರಮಂಡಿ ಬಿದ್ದಿತ್ತು. ಬಿದ್ದದ್ದು ಅವಳಪ್ಪ ಸಾಯುವ ಮುಂಚೆ, ಮೀನಿಗೆ ಆಮಿಷವಾಗಿ ಮರದಲ್ಲಿ ಕೆತ್ತಿದ ಕೊನೆಯ ಹುಸಿಮೀನಿಗೆ. ಒಬ್ಬರ ಗಾಳಕ್ಕೆ ಮೀನು ಬಿದ್ದರೆ ಇನ್ನೊಬ್ಬರು ತಮ್ಮ ದಾರ ಸುತ್ತಿಕೊಂಡು ಕೈಬಲೆ ಹಿಡಿಯಬೇಕು. ಆಜನ್ಮ ವೈರಿಗಳಾದರೂ ಇದನ್ನು ಮೀರುವಂತಿಲ್ಲ. ಅಂದು ಲೆಫ್ಟೆರಿ ಬಲೆ ಹಿಡಿದ. ತಲೆಯ ಕಡೆಯಿಂದ ಹಾಕಬೇಕಾದ ಬಲೆಯನ್ನು ಬಾಲಕ್ಕೆ ತಾಗಿಸಿದ. ಬೆಚ್ಚಿದ ಮೀನು ದೋಣಿಯಡಿ ನುಗ್ಗಿತು, ದಾರ ತುಂಡಾಯಿತು, ಅಪ್ಪನ ಹುಸಿಮೀನೂ ಹೋಯಿತು.

"ಬೇಕಂತಲೇ ಬಿಟ್ಟೆ! ನಿನಗೆ ಇನ್ನೂ ಮೀಟರ್ ಮೀನು ಸಿಕ್ಕಿಲ್ಲ ಅಂತ ಹೊಟ್ಟೆಕಿಚ್ಚು!" ಎಂದು ಅವಳು ಕಿರುಚಿದ್ದಳು. ಅವನು ಇಲ್ಲ ಅನ್ನಲಿಲ್ಲ, ಹೂಂ ಅನ್ನಲಿಲ್ಲ. ಮೀನು ಹೋದದ್ದಕ್ಕಿಂತ ಅವನ ಆ ಮೌನವೇ ಅವಳನ್ನು ವರ್ಷವಿಡೀ ಕೊರೆದಿತ್ತು.

ಇವತ್ತೂ ಅದೇ ತೊರೆಯ ಬಾಯಲ್ಲಿ ದೋಣಿ ನಿಲ್ಲಿಸಿದರು. ಎಂಟೂವರೆಗೆ ಅವಳಿಗೆ ಮೊದಲ ಮೀನು ಸಿಕ್ಕಿತು. ಅವನು ಎದ್ದು, ತಲೆಯ ಕಡೆಯಿಂದ ಒಂದೇ ಸಲಕ್ಕೆ ಬಲೆಗೆ ಹಾಕಿಕೊಂಡ. ಅಳತೆ ಹಲಗೆಯ ಮೇಲೆ ಅರವತ್ತನಾಲ್ಕು ಸೆಂಟಿಮೀಟರ್.

"ಕಲಿತುಬಿಟ್ಟಿದ್ದೀಯ," ಅಂದಳು.

"ಡಾರ್ವಿನ್ ತುಂಬ ನನ್ನ ಕಥೆ ಹೇಳ್ಕೊಂಡು ಬಂದಿದ್ದೀಯಲ್ಲ. ನಮ್ಮಜ್ಜಿ ಕೂಡ ಬಲೆ ಹಿಡಿಯೋದು ಹೇಗೆ ಅಂತ ಪಾಠ ಮಾಡಿದ್ಲು."

ಅವಳಿಗೆ ನಗು ಬಂತು. ಕೆಮ್ಮಿ ಮುಚ್ಚಿಕೊಂಡಳು.

"ಇದು ಮರಿ. ದೊಡ್ಡವೆಲ್ಲ ಹೆಣ್ಣು ಕಣೋ. ಗಂಡಾಗಿದ್ದವು ಬುದ್ಧಿ ಬಂದ್ಮೇಲೆ ಹೆಣ್ಣಾಗ್ತವೆ."

"ಅದಕ್ಕೇ ಬಾಯಿ ಅಷ್ಟು ದೊಡ್ಡದು."

ಆಮೇಲೆ ಎರಡು ಗಂಟೆ ಇಬ್ಬರೂ ಬೆನ್ನು ತಿರುಗಿಸಿ ನಿಂತು ಗಾಳ ಎಸೆದರು. ಬಿಸಿಲೇರಿತು. ಆಚೆ ದಡದ ಕೆಸರಿನಲ್ಲಿ ಮೊಸಳೆಯೊಂದು ಬಾಯಿ ತೆರೆದು ಮಲಗಿತ್ತು. ಹನ್ನೊಂದಾದರೂ ಲೆಫ್ಟೆರಿಗೆ ಒಂದು ಮೀನೂ ಬೀಳಲಿಲ್ಲ. ಆಗ ಅವನು ಅಂಗಿ ಜೇಬಿನಿಂದ ಒಂದು ಮರದ ಹುಸಿಮೀನು ತೆಗೆದು ದಾರಕ್ಕೆ ಕಟ್ಟಿದ.

"ಏನದು, ಬಾಚಣಿಗೆ ಹಿಡಿಕೆನಾ?"

"ನಿನಗ್ಯಾಕೆ?"

"ದೋಣಿ ಉಳಿಸ್ಕೊಳ್ಳೋಕೆ ಅದೇ ಸಿಕ್ತಾ?"

ಅವನು ಗಾಳ ಎಸೆದ. ಎರಡು ಸುತ್ತು ರೀಲ್ ತಿರುಗಿಸಿ, ಒಂದು ಕ್ಷಣ ನಿಲ್ಲಿಸಿದ. ನೀರು ಒಡೆಯಿತು. ಬೆಳ್ಳಿ ಬಣ್ಣದ ದೊಡ್ಡ ಮೈಯೊಂದು ಮೇಲಕ್ಕೆ ಚಿಮ್ಮಿ, ಕಿವಿರು ಪಟಪಟ ಬಡಿದು, ಧೊಪ್ಪೆಂದು ಬಿತ್ತು.

"ಮೀಟರ್!" ಇಬ್ಬರೂ ಒಟ್ಟಿಗೆ ಕೂಗಿದರು.

ಅವಳು ದಾರ ಸುತ್ತಿಕೊಂಡು ಕೈಬಲೆ ಹಿಡಿದಳು. ತಪ್ಪಿಸಿದರೆ ದೋಣಿ ನನ್ನದು, ಯಾರೂ ಕೇಳುವಂತಿಲ್ಲ ಎಂಬ ಯೋಚನೆ ಬಂದದ್ದು ನಿಜ. ಬಂದದ್ದಕ್ಕೆ ನಾಚಿಕೆಯಾದದ್ದೂ ನಿಜ. ಮಂಡಿಯೂರಿ ಬಲೆಯನ್ನು ನೀರಿಗಿಳಿಸಿದಳು. ಈ ಮೀನನ್ನು ಅವನಿಗೆ ಹಿಡಿದುಕೊಡಲೇಬೇಕು ಎಂದುಕೊಂಡಳು.

ಮೀನು ಹತ್ತಿರ ಬಂತು. ಆಗ ಅವಳು ತಲೆಯೆತ್ತಿದಳು.

ಅವನು ನಾಲಿಗೆಯ ತುದಿ ಕಚ್ಚಿಕೊಂಡಿದ್ದ. ಹುಬ್ಬು ಹಣೆಗೇರಿತ್ತು, ಮೂಗಿನ ಮೇಲೆ ಬೆವರಿನ ಹನಿಯೊಂದು ಬೀಳಲೋ ಬೇಡವೋ ಎಂದು ನಿಂತಿತ್ತು. ಕಣ್ಣುಗಳು ಮಾತ್ರ ಎಳೆಮಗುವಿನಂತೆ ನಗುತ್ತಿದ್ದವು. ಹದಿಮೂರು ತಿಂಗಳು ಈ ಮುಖವಿಲ್ಲದೆ ಹೇಗೆ ಕಳೆದೆ ಎಂದು ಅವಳಿಗೆ ಅಳುವೇ ಬಂತು.

"ಟ್ಯಾಮ್! ಬಲೆ!"

ಬೆಚ್ಚಿ ಬಲೆ ಎತ್ತಿದಳು. ತಾಗಿದ್ದು ಬಾಲಕ್ಕೆ. ಹುಸಿಮೀನಿನ ಕೊಕ್ಕೆ ಬಲೆಯ ನೂಲಿಗೆ ಸಿಕ್ಕಿಕೊಂಡಿತು. ಮೀನು ಹೊರಗೇ ನೇತಾಡಿ, ಒಮ್ಮೆ ತಲೆ ಕೊಡವಿ, ಬಿಡಿಸಿಕೊಂಡು ಹೊರಟೇಹೋಯಿತು.

ಲೆಫ್ಟೆರಿ ಸಡಿಲಾದ ದಾರ ಸುತ್ತಿಕೊಳ್ಳತೊಡಗಿದ.

"ಬೈಯೋ," ಅಂದಳು. "ಬೇಕಂತಲೇ ಬಿಟ್ಟೆ ಅನ್ನು. ನಾನು ಅಂದಿರಲಿಲ್ವಾ?"

"ಬೇಕಂತ ಬಿಟ್ಟೆಯಾ?"

"ಇಲ್ಲ!"

"ಮತ್ತೆ?"

ಅವಳು ತಲೆ ತಗ್ಗಿಸಿ ಬಲೆಯಿಂದ ಕೊಕ್ಕೆ ಬಿಡಿಸತೊಡಗಿದಳು. ಹುಸಿಮೀನಿನ ಕೊರಳಿಗೆ ಕೆಂಪು ಬಣ್ಣ. ದವಡೆಯ ಕೆಳಗೆ, ಬಣ್ಣ ಹಸಿಯಿದ್ದಾಗಲೇ ಒತ್ತಿದ ಮೂರು ಉಗುರಿನ ಗುರುತು. ಅಪ್ಪ ತಾನು ಕೆತ್ತಿದ್ದಕ್ಕೆಲ್ಲ ಹಾಗೆ ಒತ್ತುತ್ತಿದ್ದ. ಅವಳ ಕೈ ನಿಂತಿತು.

"ನಾನು ಕೆತ್ತಿದ್ದರಲ್ಲಿ ಹದಿನೇಳನೆಯದು ಅದು," ಎಂದ ಅವನು. "ಮೊದಲ ಹದಿನಾರು ಕುಡುಕರ ಹಾಗೆ ವಾಲ್ಕೊಂಡು ಈಜಿದವು. ನಿಮ್ಮಪ್ಪನ ಕೈ ನನಗಿಲ್ಲ. ಗೆಲ್ಲಲಿ ಸೋಲಲಿ, ಹೋಗುವಾಗ ನಿನಗೆ ಕೊಟ್ಟು ಹೋಗೋಣ ಅಂತಿದ್ದೆ."

"ಎಲ್ಲಿಗೆ ಹೋಗೋದು?"

"ನೀನೇ ತಾನೇ ಹೋಗು ಅಂದಿದ್ದು."

ಅವಳಿಗೆ ಸಿಟ್ಟು ಎಲ್ಲಿತ್ತೋ, ಉಕ್ಕಿ ಬಂತು.

"ನಿನ್ನ ಮುಖ ನೋಡ್ತಿದ್ದೆ ಕಣೋ! ಮೀನು ನೋಡ್ಲಿಲ್ಲ. ನಿನ್ನ ಆ ದರಿದ್ರ ಮುಖ ನೋಡ್ಕೊಂಡು ಕೂತಿದ್ದೆ. ಸಾಕಾ?"

ಗಾಳದ ಕೋಲನ್ನು ಅವನು ಮೆಲ್ಲಗೆ ಕೆಳಗಿಟ್ಟ.

"ಹೋದ ವರ್ಷ ನಾನೇನು ಆಕಾಶ ನೋಡ್ತಿದ್ನಾ, ಟ್ಯಾಮ್?"

ಅವಳು ಬಲೆಯನ್ನು ಪಕ್ಕಕ್ಕಿಟ್ಟು ಅವನತ್ತ ತಿರುಗಿದಳು.

"ಅವತ್ತೇ ಬಾಯಿ ಬಿಡೋಕೇನಾಗಿತ್ತು?"

"ಅಪ್ಪ ಕೆತ್ತಿದ್ದು ಹೋಯ್ತು ಅಂತ ಅಳ್ತಿರೋಳ ಹತ್ರ, ನೀನು ಚೆನ್ನಾಗಿ ಕಾಣ್ತಿದ್ದೆ, ಅದಕ್ಕೇ ಬಲೆ ತಪ್ಪಿತು ಅನ್ಲಾ? ನೀನು ಹುಟ್ಟು ತಗೊಂಡು ನನಗೆ ಹೊಡೀತಿದ್ದೆ."

ಅವಳು ಯೋಚಿಸಿದಳು. "ಹೌದು, ಹೊಡೀತಿದ್ದೆ."

ಕೈಗಡಿಯಾರ ಹನ್ನೆರಡು ತೋರಿಸಿತು. ಅವನು ತನ್ನ ಸಾಮಾನು ಚೀಲಕ್ಕೆ ತುಂಬತೊಡಗಿದ.

"ನಿನ್ನದು ಅರವತ್ತನಾಲ್ಕು, ನನ್ನದು ಸೊನ್ನೆ. ದೋಣಿ ನಿನ್ನದು."

"ನನ್ನದೇ. ಸೋತವರು ಇದರಲ್ಲಿ ಇರಕೂಡದು."

"ಗೊತ್ತು."

"ಹಾಗಾದ್ರೆ ಇಳಿ."

ಅವನು ಆಚೆ ದಡ ನೋಡಿದ. "ಮೊಸಳೆ ಇದೆ."

"ಇದೆ ಅಲ್ವಾ? ಮತ್ತೆ ತೆಪ್ಪಗೆ ಕೂತ್ಕೋ."

ಅವನು ಕೂತ. ಅವಳು ಅವನ ಹದಿನೇಳನೆಯ ಹುಸಿಮೀನನ್ನು ತನ್ನ ದಾರಕ್ಕೆ ಕಟ್ಟಿ, ಗಂಟನ್ನು ಹಲ್ಲಿನಿಂದ ಬಿಗಿದಳು. ಆಮೇಲೆ ಕೈಬಲೆ ಎತ್ತಿ ಅವನ ಮಡಿಲಿಗೆ ಹಾಕಿದಳು.

"ಈ ಸಲ ಮೀನು ನೋಡು."

"ನೋಡಲ್ಲ," ಎಂದ ಅವನು.