ಕಬ್ಬಿಣದ ಮಣಿಗಳ ಸಾಕ್ಷಿ

“ನಾನು ಮಾಡಿಲ್ಲ ಅಂತ ಹೇಳಿ ಹೇಳಿ ಸಾಕಾಯ್ತಮ್ಮ. ಯಾರು ಮಾಡಿದ್ರು ಅಂತ ಈಗ ನೀವೇ ಹುಡುಕ್ಕೊಡಬೇಕು,” ಎಂದ ಬಯ್ಯಪ್ಪ.

1993ರ ಫೆಬ್ರವರಿಯ ಒಂದು ಭಾನುವಾರದ ಬೆಳಗ್ಗೆ. ಚಿಕ್ಕಬಳ್ಳಾಪುರದ ಸುಂದರಮ್ಮನವರ ಮುಂಗೋಣೆಯಲ್ಲಿ ಅವನು ಕುರ್ಚಿಯ ತುದಿಯಲ್ಲಿ ಕೂತಿದ್ದ. ಮುಂದಿಟ್ಟ ಇಡ್ಲಿ ಆರಿ ತಣ್ಣಗಾಗಿತ್ತು. ಪಕ್ಕದ ಮನೆಯ ಚಲಪತಿಗೆ ಆ ಇಡ್ಲಿಯ ಮೇಲೆ ಕಣ್ಣಿತ್ತು, ಆದರೆ ಗಟ್ಟಿಮುಟ್ಟಾದ ಕರೆಂಟು ಲೈನ್‌ಮನ್ ಒಬ್ಬ ಅಳು ನುಂಗುತ್ತಿರುವಾಗ ಕೇಳುವುದು ಹೇಗೆ?

ಸುಂದರಮ್ಮ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದು ನಿವೃತ್ತರಾದವರು. ಸುತ್ತಲ ತಾಲ್ಲೂಕುಗಳ ಸುಳ್ಳುಗಳೆಲ್ಲ ಅವರ ಕಿವಿಯ ಮುಂದೆಯೇ ಹಾದುಹೋಗಿದ್ದವು. ಪೊಲೀಸರಿಗೆ ಬಗೆಹರಿಯದ್ದು, ಪೊಲೀಸರಿಗೆ ಹೇಳಲಾಗದ್ದು ಎರಡೂ ಅವರ ಮನೆ ಬಾಗಿಲಿಗೆ ಬರುತ್ತಿದ್ದವು. ಚಲಪತಿ ಹೈಸ್ಕೂಲ್ ಲ್ಯಾಬಿನಲ್ಲಿ ಗಾಜಿನ ಕೊಳವೆ ತೊಳೆದೇ ನಿವೃತ್ತನಾದವನು. ಸುಂದರಮ್ಮನವರ ಹಿಂದೆ ಚೀಲ ಹಿಡಿದು ಹೋಗುವುದೆಂದರೆ ತನಿಖೆಯಲ್ಲಿ ಅರ್ಧ ಪಾಲು ಎಂದು ಅವನ ಗಟ್ಟಿ ನಂಬಿಕೆ.

“ಏನು ಕೆಟ್ಟಿದೆ ಅಂತ ಮೊದಲು ಹೇಳು,” ಎಂದರು ಸುಂದರಮ್ಮ.

ಕೆಟ್ಟಿದ್ದು ಒಂದು ಹಳೆಯ ಕಂಪ್ಯೂಟರ್. ಬೆಂಗಳೂರಿನ ಯಾವುದೋ ಕಾರ್ಖಾನೆ ಗುಜರಿಗೆ ಹಾಕಿದ್ದ ಮಿನಿ ಕಂಪ್ಯೂಟರನ್ನು ನಾಲ್ವರು ಸೇರಿ ಲಾರಿಯಲ್ಲಿ ಜಂಗಮಕೋಟೆಗೆ ತಂದು, ನಾಲ್ಕು ವರ್ಷದಿಂದ ಜೀವಂತ ಇಟ್ಟಿದ್ದರು. ಮೊದಲನೆಯವರು ಶಿಡ್ಲಘಟ್ಟದ ಚೆನ್ನರಾಯಪ್ಪ. ಅದೇ ಕಾರ್ಖಾನೆಯಲ್ಲಿ ಆ ಯಂತ್ರವನ್ನೇ ನೋಡಿಕೊಂಡಿದ್ದವರು, ಎಲ್ಲರಿಗೂ ಗುರು. ಎರಡನೆಯವಳು ಗಣಿತದ ಟೀಚರ್ ಗಂಗುಲಮ್ಮ. ಮೂರನೆಯವನು ರೇಷ್ಮೆ ನೂಲು ತೆಗೆಸುವ ವೆಂಕಟರವಣಪ್ಪ; ಯಂತ್ರವಿದ್ದದ್ದು ಅವನ ಹಳೆಯ ಹುಳದ ಮನೆಯಲ್ಲಿ. ನಾಲ್ಕನೆಯವನು ಬಯ್ಯಪ್ಪ. ಲಾಭ ಒಂದು ಕಾಸಿಲ್ಲ. ವಾರಕ್ಕೆರಡು ಸಲ ಸೇರಿ ಅದನ್ನು ಎಬ್ಬಿಸಿ, ಅದರ ಆಪರೇಟಿಂಗ್ ಸಿಸ್ಟಮ್ ಓಡುವುದನ್ನು ನೋಡಿ ಖುಷಿಪಟ್ಟು ಮನೆಗೆ ಹೋಗುವುದು, ಅಷ್ಟೇ.

“ಆ ಸಿಸ್ಟಮ್ ಸರಿಯಾಗಿ ಇರೋದು ಒಂದೇ ಒಂದು ತಟ್ಟೆಯಲ್ಲಿ, ಡಿಸ್ಕ್ ಅಂತಾರೆ, ಊಟದ ತಟ್ಟೆಗಿಂತ ಅಗಲ. ಹಳೇದೊಂದು ಕೆಟ್ಟು ಮೂಲೆ ಸೇರಿದೆ,” ಎಂದ ಬಯ್ಯಪ್ಪ. “ನಿನ್ನೆ ಒಂಬತ್ತು ಗಂಟೆಗೆ, ಮೊದಲೇ ಎಲ್ಲರಿಗೂ ಹೇಳಿದ್ದ ಹಾಗೆ, ನಾನು ಹೋಗಿ ಬೋರ್ಡಿನಲ್ಲಿ ಒಂದು ವೈರು ಬಿಗಿ ಮಾಡಿ, ಡ್ಯೂಟಿಗೆ ಅಂತ ದಿಬ್ಬೂರಹಳ್ಳಿಗೆ ಹೋದೆ. ಹನ್ನೊಂದಕ್ಕೆ ಅವ್ರು ಮೂರು ಜನ ಬಂದು ನೋಡಿದ್ರೆ ಮೇನ್ ಸ್ವಿಚ್ ಆಫು, ತಟ್ಟೆಯಲ್ಲಿ ಏನೂ ಇಲ್ಲ. ನಾನು ಕೊಟ್ಟ ಕರೆಂಟು ಹೊಡೆದು ಅಳಿಸಿಹೋಯ್ತು ಅಂತಾರೆ. ವೆಂಕಟರವಣಪ್ಪ ದೂರು ಬರೆದಿಟ್ಟವ್ನೆ, ನಾಳೆ ನಮ್ಮ ಆಫೀಸಿಗೆ ಕೊಡ್ತಾನಂತೆ. ಹತ್ತೊಂಬತ್ತು ವರ್ಷದ ಸರ್ವಿಸ್ಸಮ್ಮ, ಒಂದು ಫ್ಯೂಸೂ ನನ್ನ ಹೆಸರಲ್ಲಿ ಸುಟ್ಟಿಲ್ಲ. ನಾಳೆಯಿಂದ ಅರೆಬರೆ ಕೆಲಸದೋನು ಅಂತ ಹೆಸರು.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂದು ಚಲಪತಿಗೆ ಸಿಟ್ಟು ಬಂತು. ಸುಂದರಮ್ಮ ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಯ್ಯಪ್ಪ ಯಂತ್ರದ ವಿಷಯವನ್ನೇ ಹೇಳಿದ. ಅಳು ಮರೆತು ಮುಖ ಅರಳಿತ್ತು. “ಇವತ್ತಿನ ಕಂಪ್ಯೂಟರ್ ಥರ ಅಲ್ಲಮ್ಮ. ಇದರ ನೆನಪು ಇರೋದು ಸಾಸಿವೆಗಿಂತ ಸಣ್ಣ ಕಬ್ಬಿಣದ ಮಣಿಗಳಲ್ಲಿ. ಕರೆಂಟು ಹೋದ್ರೂ ಅದರೊಳಗಿರೋದು ಹೋಗಲ್ಲ. ಚೆನ್ನರಾಯಪ್ಪ ಸಾರು ನಮಗೆ ಹೇಳಿಕೊಟ್ಟ ಮೊದಲನೇ ಪಾಠ ಅದೇ. ಅದನ್ನ ನೂರು ಸಲ ಹೇಳವ್ರೆ. ಆದ್ರೂ ಒಂದು ತಮಾಷೆ ನೋಡಿ, ಎಷ್ಟು ನೆನಪಿದ್ರೂ ಅದಕ್ಕೆ ತಾರೀಖು ಮಾತ್ರ ಗೊತ್ತಿರಲ್ಲ. ಎದ್ದ ತಕ್ಷಣ ‘ಇವತ್ತು ಎಷ್ಟನೇ ತಾರೀಖು’ ಅಂತ ನಮ್ಮನ್ನೇ ಕೇಳುತ್ತೆ.”

ಜಂಗಮಕೋಟೆಯ ಹುಳದ ಮನೆಯ ಬಾಗಿಲಲ್ಲಿ ಕಾಲು ತೊಳೆಯಲು ನೀರಿಟ್ಟಿತ್ತು. ರೇಷ್ಮೆ ಹುಳಕ್ಕೆ ಹೇಗೋ ಆ ತಟ್ಟೆಗೂ ಹೊರಗಿನ ಧೂಳು ಆಗದು. ಬೀಗದ ಕೈ ಜಗುಲಿಯ ಮೊಳೆಯಲ್ಲಿ ತೂಗಾಡುತ್ತಿತ್ತು, ಯಾರು ಬೇಕಾದರೂ ತೆಗೆಯಬಹುದಿತ್ತು. ಒಳಗೆ ಅಲ್ಮೇರಾ ಎತ್ತರದ ಯಂತ್ರ, ಎದೆಯ ಮೇಲೆ ಒಂದು ಸಾಲು ಸ್ವಿಚ್ಚು, ಒಂದು ಸಾಲು ದೀಪ, ಮುಂದೆ ಅದಕ್ಕೆ ಜೋಡಿಸಿದ ಟೈಪ್ ಮಾಡುವ ಯಂತ್ರ. ಪಕ್ಕದ ಗೋಡೆಗೆ ಅಂಕಿಗಳನ್ನು ಬರೆದ ಒಂದು ರಟ್ಟು ನೇತುಹಾಕಿತ್ತು.

ಬಿಳಿ ಅಂಗಿಯ ಚೆನ್ನರಾಯಪ್ಪ ಎದ್ದು ಕೈಮುಗಿದರು. ಎಪ್ಪತ್ತರ ಹತ್ತಿರದ, ಸೌಮ್ಯ ಮುಖದ ಮನುಷ್ಯ. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟು, “ತಾವು ಯಾವೂರಪ್ಪ?” ಎಂದು ಚಲಪತಿಯನ್ನು ವಿಚಾರಿಸಿಕೊಂಡರು. ಆಮೇಲೆ ನಿಟ್ಟುಸಿರಿಟ್ಟು ಸುಂದರಮ್ಮನವರ ಕಡೆ ತಿರುಗಿದರು. “ನೀವು ಬಂದಿದ್ದಕ್ಕೆ ಸಂತೋಷ ತಾಯಿ. ಆದ್ರೆ ನೋಡೋಕೆ ಏನೂ ಉಳಿದಿಲ್ಲ. ಕರೆಂಟು ಏರುಪೇರಾಗಿ ತಟ್ಟೆ ಹೋಯ್ತು. ಕರೆಂಟು ಹೋದ ಮೇಲೆ ಯಂತ್ರದ ನೆನಪಲ್ಲಿ ಇದ್ದಿದ್ದೂ ಹೋಯ್ತು. ಬಯ್ಯಪ್ಪ ಬೇಕಂತ ಮಾಡ್ದ ಅಂತ ನಾನು ಹೇಳಲ್ಲ.”

“ಬೇಕಂತಾನೋ ಬೇಡಂತಾನೋ, ಮಾಡಿದ್ದಂತೂ ಹೌದಲ್ಲ!” ಎಂದು ವೆಂಕಟರವಣಪ್ಪ ಗುಡುಗಿದ. “ನಾನು ಈ ಜಾಗದಲ್ಲಿ ನೂಲು ತೆಗೆಯೋ ಒಲೆ ಹಾಕ್ಬೇಕು ಅಂತಿದ್ದೆ, ನಿಜ. ಹಂಗಂತ ನಾನು ತಟ್ಟೆಗೆ ಕೈ ಹಚ್ಚೋನಲ್ಲ. ಏಮಮ್ಮಾ, ನನ್ನನ್ನ ಯಾಕೆ ಹಂಗೆ ನೋಡ್ತೀರ?”

ಅವನನ್ನು ಯಾರೂ ನೋಡಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಎಂದು ಚಲಪತಿ ಅಲ್ಲೇ ತೀರ್ಪು ಕೊಟ್ಟುಕೊಂಡ. ಒಲೆ ಹಾಕಲು ಜಾಗ ಬೇಕು, ಬೀಗದ ಕೈ ಅವನದೇ ಜಗುಲಿಯಲ್ಲಿದೆ, ದೂರು ಬರೆದವನೂ ಅವನೇ. ಇನ್ನೇನು ಬೇಕು?

ಸುಂದರಮ್ಮ ಗಂಗುಲಮ್ಮನನ್ನು ಯಂತ್ರದ ಮುಂದೆ ಕರೆದರು. “ಇದನ್ನ ಎಬ್ಬಿಸೋದು ಹೇಗಮ್ಮ? ನನಗೆ ಅರ್ಥ ಆಗೋ ಹಾಗೆ ಹೇಳು.”

“ತಟ್ಟೆ ಎಲ್ಲಿದೆ ಅನ್ನೋದೂ ಇದಕ್ಕೆ ಗೊತ್ತಿರಲ್ಲ. ನಾವೇ ಈ ಸ್ವಿಚ್ಚುಗಳಲ್ಲಿ ಹದಿನಾಲ್ಕು ಅಂಕಿ ಒಂದೊಂದಾಗಿ ಹಾಕಿ ಹೇಳಬೇಕು. ನೆನಪಿನ ತುಂಬ ಸಾಲು ಮನೆಗಳಿವೆ ಅಂದ್ಕೊಳ್ಳಿ. ಸಾವಿರನೇ ನಂಬರ್ ಮನೆಯಿಂದ ಶುರು ಮಾಡಿ ಮನೆಗೊಂದು ಅಂಕಿ. ರಟ್ಟಿನಲ್ಲಿ ಎಲ್ಲಾ ಬರೆದಿದೆ. ನಾನು, ಬಯ್ಯಪ್ಪ, ವೆಂಕಟರವಣಪ್ಪ ರಟ್ಟು ನೋಡಿ ಹಾಕ್ತೀವಿ. ಸಾರ್ ಒಬ್ಬರೇ ನೋಡದೆ ಹಾಕೋದು. ಇಪ್ಪತ್ತು ವರ್ಷದ ಬಾಯಿಪಾಠ. ರಟ್ಟು ನೋಡೋರನ್ನ ಕಂಡ್ರೆ ಅವ್ರಿಗೆ ನಗು.” ಅವಳು ಸ್ವಲ್ಪ ತಡೆದಳು. “ಒಂದು ತಿಂಗಳಿಂದ ಮಾತ್ರ ನನ್ನ ಕೈಯಲ್ಲೇ ಹಾಕಿಸ್ತಾರೆ, ಕಲೀಲಿ ಅಂತ.”

“ನಿನ್ನೆ?”

“ಹನ್ನೊಂದು ಗಂಟೆಗೆ ನಾನೇ ಹಾಕ್ದೆ. ಏಳಲಿಲ್ಲ. ತಟ್ಟೆಯ ಮೊದಲ ಪುಟಗಳನ್ನ ತೆಗೆದು ನೋಡಿದ್ರೆ ಬರೀ ಸೊನ್ನೆ.”

“ಕೆಲಸ ಮುಗಿದ ಮೇಲೆ ನೆನಪಿನ ಮನೆಗಳನ್ನ ಹಾಗೇ ಬಿಡ್ತೀರಾ?”

“ಇಲ್ಲ. ಹುಳ ಗೂಡು ಕಟ್ಟಿದ ಮೇಲೆ ಹುಳದ ಮನೆ ತೊಳೀತಾರಲ್ಲ, ಹಾಗೆ ಎಲ್ಲಾ ಮನೆಗೂ ಸೊನ್ನೆ ತುಂಬಿಸಿ ಬಾಗಿಲು ಹಾಕೋದು ನಮ್ಮ ಪದ್ಧತಿ. ಗುರುವಾರ ಸಂಜೆ ನಾನೇ ತುಂಬಿಸಿದ್ದೆ. ಎಲ್ಲರೂ ಇದ್ರು. ನಿನ್ನೆ ಈ ಗಲಾಟೆಯಲ್ಲಿ ಯಾರೂ ತುಂಬಿಸಲಿಲ್ಲ.”

ಸುಂದರಮ್ಮ ಬಸ್ ಟಿಕೆಟ್ಟಿನ ಹಿಂದೆ ಏನೋ ಗೀಚಿಕೊಂಡರು. ಬೋರ್ಡಿನ ಫ್ಯೂಸು ಬಿಚ್ಚಿಸಿ ನೋಡಿದರು. ತಂತಿ ಹೊಚ್ಚ ಹೊಸದರಂತೆ ಹೊಳೆಯುತ್ತಿತ್ತು. ಆಮೇಲೆ ಗಂಗುಲಮ್ಮನ ಕಿವಿಯಲ್ಲಿ ಏನೋ ಹೇಳಿ, ಉಳಿದವರನ್ನು ಹೊರಗೆ ಜಗುಲಿಯ ಮೇಲೆ ಕೂರಿಸಿದರು. ಹೊರಗೆ ಚೆನ್ನರಾಯಪ್ಪ ಫ್ಲಾಸ್ಕು ತೆರೆದು, “ಕಾಫಿ ತಗೊಳ್ಳಿ. ತಾವು ಯಾವೂರಪ್ಪ?” ಎಂದರು. ಚಲಪತಿ ಮತ್ತೆ ಊರು ಹೇಳಿ ಎರಡನೇ ಲೋಟ ಕುಡಿದ. ಇಂಥ ಉಪಚಾರದ ಮನುಷ್ಯನ ಸಂಗದಲ್ಲಿ ವೆಂಕಟರವಣಪ್ಪನಂಥವನು ಹೇಗೆ ಸೇರಿಕೊಂಡನೋ ಎಂದು ಮರುಗಿದ.

ಮುಕ್ಕಾಲು ಗಂಟೆಯ ನಂತರ ಬಾಗಿಲು ತೆರೆಯಿತು. ಗಂಗುಲಮ್ಮನ ಮುಖ ಬಿಳಿಚಿಕೊಂಡಿತ್ತು. ಎಲ್ಲರೂ ಒಳಗೆ ಹೋಗಿ ಯಂತ್ರದ ಮುಂದೆ ಕೂತರು. ಸುಂದರಮ್ಮ ಮಾತ್ರ ನಿಂತಿದ್ದರು.

“ಕರೆಂಟು ಹೊಡೆದ್ರೆ ಫ್ಯೂಸು ಸುಡಬೇಕಿತ್ತು, ಸುಟ್ಟಿಲ್ಲ,” ಎಂದು ಅವರು ಶುರುಮಾಡಿದರು. “ತಟ್ಟೆಯಲ್ಲಿ ಇರೋದು ಕಲಸುಮೇಲೋಗರ ಅಲ್ಲ, ಸಾಲಾಗಿ ಸೊನ್ನೆ. ಅಂದ್ರೆ ಅಳಿಸಿದ್ದು ಸಿಡಿಲಿನಂಥ ಹೊಡೆತ ಅಲ್ಲ, ಯಂತ್ರವೇ ಅಲ್ಲಿ ಸೊನ್ನೆ ಬರೆದಿದೆ. ‘ಸೊನ್ನೆ ಬರಿ’ ಅಂತ ಅದಕ್ಕೆ ಯಾರೋ ಹೇಳವ್ರೆ. ಹೇಳಿದ ಮಾತು ಇನ್ನೂ ಒಳಗೇ ಇರಬೇಕಲ್ಲ ಅಂತ ನನಗೆ ಅನ್ನಿಸ್ತು.”

“ಮೇನ್ ಆಫ್ ಆಗಿತ್ತಲ್ಲಮ್ಮ,” ಎಂದ ವೆಂಕಟರವಣಪ್ಪ.

“ಕಬ್ಬಿಣದ ಮಣಿಗೆ ಮೇನ್ ಆಫಾದ್ರೇನು? ಗುರುವಾರ ಎಲ್ಲಾ ಮನೆಗೂ ಸೊನ್ನೆ ತುಂಬಿಸಿದ್ದಾಗಿದೆ. ನಿನ್ನೆ ಗಂಗುಲಮ್ಮ ಸಾವಿರನೇ ಮನೆಯಿಂದ ಹದಿನಾಲ್ಕು ಅಂಕಿ ಹಾಕಿದ್ದಾಳೆ. ಇನ್ನೆಲ್ಲೂ ಏನೂ ಇರಬಾರದು. ಹುಡುಕಿದ್ರೆ ಎರಡು ಸಾವಿರನೇ ಮನೆಯಿಂದ ಇನ್ನೊಂದು ಹದಿನಾಲ್ಕು ಸಿಕ್ತು. ಅದರ ಮುಂದೆ ಅರ್ಧಕ್ಕೆ ಬಿಟ್ಟ ಇನ್ನೊಂದು ಪ್ರಯತ್ನ. ಗುರುವಾರಕ್ಕೂ ನಿನ್ನೆ ಹನ್ನೊಂದು ಗಂಟೆಗೂ ಮಧ್ಯೆ ಯಾರೋ ಒಬ್ಬರೇ ಬಂದು ಇದನ್ನ ಎಬ್ಬಿಸೋಕೆ ಒದ್ದಾಡಿದ್ದಾರೆ. ಹಾಳು ಮಾಡೋಕೆ ಅಲ್ಲ, ಎಬ್ಬಿಸೋಕೆ.”

ಅವರು ರಟ್ಟನ್ನು ಗೋಡೆಯಿಂದ ತೆಗೆದು ಎತ್ತಿ ಹಿಡಿದರು. “ಒಂಬತ್ತನೇ ಸಾಲಿನಲ್ಲಿ ಇಲ್ಲಿ ಐದು ಅಂತಿದೆ. ಐದು ಅಂದ್ರೆ ತಟ್ಟೆಯಿಂದ ಓದು ಅಂತ. ಯಂತ್ರದಲ್ಲಿ ಸಿಕ್ಕಿದ್ದು ಮೂರು. ಮೂರು ಅಂದ್ರೆ ತಟ್ಟೆ ಮೇಲೆ ಬರಿ ಅಂತ. ಅದು ಓದೋ ಬದಲು ತನ್ನ ಸೊನ್ನೆಗಳನ್ನ ತಟ್ಟೆ ಮೇಲೆ ಬರೆದುಬಿಡ್ತು. ಈಗ ಹೇಳಿ, ಮೂರು ಅನ್ನೋದು ಈ ರಟ್ಟಿನಲ್ಲಿ ಎಲ್ಲೂ ಇಲ್ಲ. ರಟ್ಟು ನೋಡಿ ಹಾಕೋರಿಗೆ ಅದು ಬರೋದು ಎಲ್ಲಿಂದ? ಶುರು ಮಾಡೋ ಮನೆ ನಂಬರ್ ತಾನೇ ಹೇಗೆ ತಪ್ಪುತ್ತೆ? ಅದನ್ನ ಹಾಕಿದ ಕೈ ರಟ್ಟಿನ ಕಡೆ ತಿರುಗೇ ಇಲ್ಲ. ಎಲ್ಲವನ್ನೂ ತಲೆಯೊಳಗಿಂದ ತೆಗೆದಿದೆ.”

ಚಲಪತಿ ತಾನು ಕುಡಿದ ಕಾಫಿಯ ಲೆಕ್ಕ ಹಾಕಿದ. ಎರಡು ಲೋಟ. ಎರಡು ಸಲ ಕೇಳಿದ ಊರು.

“ಮೊದಲನೇ ಪಾಠ ಹೇಳಿಕೊಟ್ಟವರ ಬಾಯಲ್ಲೇ ಇವತ್ತು ಕರೆಂಟು ಹೋದ ಮೇಲೆ ನೆನಪೂ ಹೋಯ್ತು ಅಂತ ಬಂತು,” ಎಂದರು ಸುಂದರಮ್ಮ, ದನಿ ತಗ್ಗಿಸಿ. “ಸುಳ್ಳು ಹೇಳೋರು ಅದನ್ನ ಹೇಳ್ತಿರಲಿಲ್ಲ, ಉಳಿದ ಮೂವರಿಗೂ ಅದು ಗೊತ್ತಲ್ಲ. ಅದನ್ನ ನಿಜವಾಗಿ ಮರೆತವರು ಮಾತ್ರ ಹೇಳ್ತಾರೆ. ಎಷ್ಟು ದಿನ ಆಯ್ತು ಚೆನ್ನರಾಯಪ್ಪನವರೇ?”

ಗಂಗುಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ವೆಂಕಟರವಣಪ್ಪನ ಬಾಯಿ ತೆರೆದೇ ಇತ್ತು. ಚೆನ್ನರಾಯಪ್ಪ ತಮ್ಮ ಕೈಗಳನ್ನೇ ನೋಡುತ್ತಿದ್ದರು.

“ದೀಪಾವಳಿಯಿಂದ,” ಎಂದರು. “ಮೊದಲು ಹೆಸರುಗಳು ಹೋದ್ವು. ಆಮೇಲೆ ದಾರಿ. ಅಂಕಿ ಮಾತ್ರ ಹೋಗಲ್ಲ ಅಂದ್ಕೊಂಡಿದ್ದೆ. ಅವು ಬೆರಳಲ್ಲಿ ಇದ್ವಲ್ಲ. ಹೋದ ತಿಂಗಳು ಕೈ ನಿಂತುಹೋಯ್ತು. ನಿನ್ನೆ ಹತ್ತು ಗಂಟೆಗೇ ಒಬ್ಬನೇ ಬಂದು ಅಭ್ಯಾಸ ಮಾಡೋಣ ಅಂತ ಬಂದೆ. ತಟ್ಟೆಯ ದೀಪ ಬೇರೆ ಥರ ಮಿನುಗಿದಾಗ ತಪ್ಪಿದೆ ಅಂತ ಗೊತ್ತಾಯ್ತು. ಇನ್ನೊಂದು ಸಲ ಹಾಕೋಕೆ ಹೋದೆ, ಅರ್ಧಕ್ಕೆ ಏನೂ ತೋಚಲಿಲ್ಲ. ಮೇನ್ ಆರಿಸಿ ಬಸ್‌ಸ್ಟ್ಯಾಂಡಿಗೆ ಹೋಗಿ, ಆಗ ತಾನೇ ಇಳಿದವನ ಹಾಗೆ ವಾಪಸ್ ಬಂದೆ.”

“ರಟ್ಟು ಕಣ್ಣ ಮುಂದೇ ಇತ್ತಲ್ಲ ಸಾರ್,” ಎಂದಳು ಗಂಗುಲಮ್ಮ.

“ನೋಡಿದ್ರೆ ಮರೆತಿದ್ದೀನಿ ಅಂತ ಒಪ್ಪಿಕೊಂಡ ಹಾಗೆ ಆಗ್ತಿತ್ತಮ್ಮ.”

ಬಯ್ಯಪ್ಪ ಎದ್ದು ನಿಂತ. “ನನ್ನ ಹೆಸರು ಮಾತ್ರ ಮರೀಲಿಲ್ವಾ ಸಾರ್? ನಿನ್ನೆ ಅದೊಂದು ಚೆನ್ನಾಗಿ ನೆನಪಿತ್ತಲ್ಲ?”

“ನೆನಪಿತ್ತಪ್ಪ.” ಚೆನ್ನರಾಯಪ್ಪ ತಲೆ ಎತ್ತಲಿಲ್ಲ. “ಕರೆಂಟಿನ ಮೇಲೆ ಹಾಕಿದ್ರೆ ಯಾರೂ ಯಂತ್ರದ ಒಳಗೆ ಹುಡುಕಲ್ಲ ಅನ್ಸ್ತು. ಇನ್ನೊಂದು, ನೀನು ನನಗೆ ಎದುರು ಮಾತಾಡಲ್ಲ ಅನ್ನೋದೂ ಗೊತ್ತಿತ್ತು.”

ಅದುವರೆಗಿನ ಆಘಾತವೆಲ್ಲ ಈ ಮಾತಿನ ಮುಂದೆ ಏನೂ ಅಲ್ಲವೆನಿಸಿತು ಚಲಪತಿಗೆ. ಮರೆವನ್ನು ಕ್ಷಮಿಸಬಹುದು. ಮರೆಯದೆ ಉಳಿದದ್ದು ಇದಾಗಿತ್ತಲ್ಲ! ಬಯ್ಯಪ್ಪ ಗೋಡೆಯ ಕಡೆ ತಿರುಗಿ ನಿಂತ. ವೆಂಕಟರವಣಪ್ಪ ಜೇಬಿನಿಂದ ದೂರಿನ ಕಾಗದ ತೆಗೆದು ನಾಲ್ಕು ಚೂರು ಮಾಡಿ, “ತಪ್ಪಾಯ್ತು ಬಯ್ಯಪ್ಪ,” ಎಂದ. ಅವನ ಬಾಯಲ್ಲಿ ಆ ಮಾತು ಬಂದದ್ದನ್ನು ಜಂಗಮಕೋಟೆಯವರು ಯಾರೂ ಕೇಳಿರಲಿಲ್ಲ.

“ಹರಿದ್ರೆ ಸಾಲದು,” ಎಂದರು ಸುಂದರಮ್ಮ. “ಬಯ್ಯಪ್ಪನ ಕೆಲಸದಲ್ಲಿ ತಪ್ಪಿಲ್ಲ, ತಪ್ಪು ನನ್ನದು ಅಂತ ಚೆನ್ನರಾಯಪ್ಪನವರೇ ಬರೆದು ಕೊಡಲಿ. ನಿನ್ನೆಯಿಂದ ಊರಲ್ಲಿ ಮಾತು ಹಬ್ಬಿದೆ.”

ಚೆನ್ನರಾಯಪ್ಪ ಬರೆದು ರುಜು ಹಾಕಿದರು. ಅಕ್ಷರ ಈಗಲೂ ಮುತ್ತಿನಂತಿತ್ತು. ಬಯ್ಯಪ್ಪ ಎರಡು ಸಲ ಓದಿ, ಮಡಿಸಿ, ಜೇಬಿಗಿಟ್ಟುಕೊಂಡ.

ಅಷ್ಟರಲ್ಲಿ ಗಂಗುಲಮ್ಮ ಮೂಲೆಯಿಂದ ಒಂದು ಹಳೆಯ ತಟ್ಟೆ ತಂದಿದ್ದಳು. ಅದು ನಡುವೆ ಕೆಟ್ಟು ಮೂಲೆ ಸೇರಿದ್ದರೂ ಮೊದಲ ಪುಟಗಳು ಚೆನ್ನಾಗಿದ್ದವು. ಸೊನ್ನೆ ಬಿದ್ದದ್ದೂ ಆ ಪುಟಗಳ ಮೇಲೆ ಮಾತ್ರ. ಅವನ್ನು ಯಂತ್ರದ ನೆನಪಿಗೆ ಎತ್ತಿಕೊಂಡು, ತಟ್ಟೆ ಬದಲಾಯಿಸಿ, ಇಲ್ಲಿ ಇಳಿಸಲು ಅವಳಿಗೆ ಎರಡು ಗಂಟೆ ಹಿಡಿಯಿತು. ಯಾರೂ ಊಟಕ್ಕೆ ಏಳಲಿಲ್ಲ. ಚಲಪತಿ ಕೂಡ ಏಳಲಿಲ್ಲ ಎಂಬುದು ದಾಖಲಾಗಬೇಕಾದ ಸಂಗತಿ.

“ಇನ್ನು ಎಬ್ಬಿಸಬಹುದು,” ಎಂದು ಅವಳು ಬೆವರು ಒರೆಸಿಕೊಂಡಳು.

ಬಯ್ಯಪ್ಪ ರಟ್ಟನ್ನು ಕೈಗೆತ್ತಿಕೊಂಡ. “ಎಲ್ಲಾ ಮರೆತುಬಿಟ್ಟೆ ಅಂತ ನಾನು ಹೇಳಲ್ಲ ಸಾರ್. ನನ್ನ ನೆನಪು ಚೆನ್ನಾಗೇ ಇದೆ. ಬನ್ನಿ, ನಾನು ಓದ್ತೀನಿ, ನೀವು ಹಾಕಿ.”

ಚೆನ್ನರಾಯಪ್ಪ ಬೆರಳನ್ನು ಸ್ವಿಚ್ಚಿನ ಮೇಲಿಟ್ಟರು. ಬಯ್ಯಪ್ಪ ಒಂದೊಂದೇ ಅಂಕಿ ಓದಿದ, ಅವರು ಒಂದೊಂದೇ ಹಾಕಿದರು. ಒಂಬತ್ತನೆಯದಕ್ಕೆ ಬಂದಾಗ ಬಯ್ಯಪ್ಪ, “ಐದು ಸಾರ್,” ಎಂದು ಎರಡು ಸಲ ಹೇಳಿದ. ಕೊನೆಯ ಸ್ವಿಚ್ಚು ಒತ್ತುತ್ತಲೇ ತಟ್ಟೆ ಗುಂಯ್‌ಗುಟ್ಟಿತು, ದೀಪಗಳು ಓಡಾಡಿದವು, ಟೈಪ್ ಮಾಡುವ ಯಂತ್ರ ಟಕಟಕನೆ ಒಂದು ಸಾಲು ಹೊಡೆದು ನಿಂತಿತು. ಇವತ್ತು ಎಷ್ಟನೇ ತಾರೀಖು ಎಂದು ಅದು ಕೇಳುತ್ತಿತ್ತು.

ಚೆನ್ನರಾಯಪ್ಪನವರ ಬೆರಳು ಕೀಲಿಗಳ ಮೇಲೆ ನಿಂತುಬಿಟ್ಟಿತು. ಅವರು ಮೆಲ್ಲಗೆ ಬಯ್ಯಪ್ಪನ ಕಡೆ ತಿರುಗಿದರು.

“ಇಪ್ಪತ್ತೊಂದು ಸಾರ್,” ಎಂದ ಬಯ್ಯಪ್ಪ. “ಫೆಬ್ರವರಿ ಇಪ್ಪತ್ತೊಂದು.”

ಅವರು ಅದನ್ನೇ ಟೈಪ್ ಮಾಡಿದರು.