ಎಂಟು ಹಲ್ಲು ಸಡಿಲ

ಮೂವತ್ತೊಂದು ವರ್ಷದಿಂದ ಟ್ರೇಲ್ ಪಟ್ಟಣದ ಕಾರುಗಳ ಹೊಟ್ಟೆ ಬಗೆದಿದ್ದ ಎಲಿಯೊ ಬ್ರೆಸ್ಸಾನ್‌ನನ್ನು, ಭೂಗೋಳದ ಮೇಷ್ಟರಾಗಿ ನಿವೃತ್ತನಾದ ಡೆಸ್ಮಂಡ್ ಪ್ರೂಯಿಟ್ ತುಂಬಿದ ಸಭೆಯಲ್ಲಿ ತಿದ್ದಿದ. ಚರ್ಚಿನ ನೆಲಮಾಳಿಗೆಯಲ್ಲಿ ಪ್ರತಿ ಶನಿವಾರ ಪ್ರೂಯಿಟ್‌ನದೊಂದು ಪಾಠ: ನಿಮ್ಮ ಕಾರನ್ನು ನೀವೇ ರಿಪೇರಿ ಮಾಡಿ. ಎಲಿಯೊ ನಕ್ಕು ಬರೋಣವೆಂದು ಹೋದವನು, ಕೈಯಾಡಿಸಿ ತೋರಿಸಲು ಎದ್ದಿದ್ದ.

"ಬ್ರೇಕ್ ಶೂ ಹಿಂದುಮುಂದಾಗಿದೆ ನೋಡಪ್ಪ ಎಲಿಯೊ," ಎಂದ ಪ್ರೂಯಿಟ್.

ಹಿಂದುಮುಂದಾಗಿತ್ತು. ಎಲ್ಲರಿಗಿಂತ ಮೊದಲು ನಕ್ಕವಳು ಎಲಿಯೊನ ಹೆಂಡತಿ ಲೊರೆಟಾ.

ಪುಸ್ತಕದ ಬದನೆಕಾಯಿ! ಅಂಥ ಪ್ರೂಯಿಟ್ ಮರುವಾರ ತನ್ನ ಹಳೇ ಕಾರಿನ ಹಿಂದಿನ ಬ್ರೇಕುಗಳನ್ನು ತಾನೇ ಬದಲಿಸಿ ಊರಿಗೆಲ್ಲ ಸಾರಿದ. ಎಲಿಯೊಗೆ ಬೇಕಾದದ್ದೂ ಅದೇ. ಬ್ರೇಕು ಬದಲಿಸಿದ ಮೇಲೆ ಹ್ಯಾಂಡ್‌ಬ್ರೇಕನ್ನು ಬಿಗಿ ಮಾಡುವಲ್ಲಿಯೇ ಹವ್ಯಾಸಿಗಳು ಎಡವುವುದು. ಇವನೂ ಎಡವಿದ ಎಂದರೆ ನಂಬದವರು ಯಾರು?

ಪ್ರೂಯಿಟ್‌ನ ಮನೆ ಕಡಿದಾದ ಇಳಿಜಾರಿನ ನೆತ್ತಿಯಲ್ಲಿ. ಭಾನುವಾರ ಬಿಟ್ಟು ದಿನಾ ಬೆಳಿಗ್ಗೆ ಗೇಟಿನ ಮೇಲ್ಗಡೆ ಕಾರು ನಿಲ್ಲಿಸಿ, ಗೇರು ತಪ್ಪಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕೆಳಗಿಳಿದು ಹೋಗಿ ಗೇಟು ತೆಗೆಯುತ್ತಿದ್ದ. ಶನಿವಾರ ಅವನು ಕಾರನ್ನು ಮನೆಯಲ್ಲೇ ಬಿಟ್ಟು ಅತ್ತ ಪಾಠಕ್ಕೆ ನಡೆದು ಹೋಗಿದ್ದಾಗ, ಎಲಿಯೊ ಇತ್ತ ಅವನ ಕಾರಿನಡಿ ತೂರಿದ. ಗಾಲಿಯ ಹಿಂದಿನ ಸಣ್ಣ ತೂತಿನೊಳಗೆ ಸ್ಕ್ರೂಡ್ರೈವರ್ ತುರುಕಿ, ಬ್ರೇಕನ್ನು ಬಿಗಿಹಿಡಿಯುವ ಹಲ್ಲುಚಕ್ರವನ್ನು ಎಂಟು ಹಲ್ಲು ಹಿಂದಕ್ಕೆ ತಿರುಗಿಸಿದ. ಎರಡೂ ಕಡೆ. ಕಾರು ಒಂದು ಗಳಿಗೆ ನಿಲ್ಲಬೇಕು, ಆಮೇಲೆ ನಿಲ್ಲಬಾರದು. ಹತ್ತು ನಿಮಿಷದ ಕೆಲಸ. ಮೇಷ್ಟರಿಗೆ ಇಡೀ ವಾರ ಬೇಕಾಗಿತ್ತು.

ಸೋಮವಾರ ಬೆಳಿಗ್ಗೆ ಕಾರು ಜಾರಿ ಪ್ರೂಯಿಟ್‌ನನ್ನು ಗೇಟಿಗೆ ಅಪ್ಪಳಿಸಿತು. ಆಸ್ಪತ್ರೆ ಮುಟ್ಟುವ ಮೊದಲೇ ಉಸಿರು ನಿಂತಿತ್ತು. ಲೊರೆಟಾ ಎರಡು ದಿನ ಅತ್ತಳು. ಎಲಿಯೊ ಚೆನ್ನಾಗಿ ಊಟ ಮಾಡಿದ.

"ಈಜು ಬರದವರು ನೀರಿಗಿಳಿದರೆ ಹೀಗೇ ಆಗೋದು," ಎಂದು ಗ್ಯಾರೇಜಿಗೆ ಬಂದವರಿಗೆಲ್ಲ ಹೇಳಿದ.

ಗುರುವಾರ ಪೊಲೀಸಿನ ಕೊವಾಲ್ಚುಕ್ ಎಂಬಾಕೆ ಬಂದು ಮೇಜಿನ ಮೇಲೆ ಒಂದು ಪುಟ್ಟ ಪೊಟ್ಟಣ ಇಟ್ಟಳು. "ಇದು ಇವತ್ತು ಪ್ರೂಯಿಟ್ ಅವರ ಮನೆಗೆ ಅಂಚೇಲಿ ಬಂತು. ಗಾಲಿ ಹಿಂದಿನ ತೂತು ಮುಚ್ಚೋ ರಬ್ಬರ್ ಬಿರಡೆ. ಬ್ರೇಕ್ ಹಾಕೋವಾಗ ಎಡಗಡೇದು ಕಳೆದುಹೋಯ್ತಂತೆ, ಹೊಸದಕ್ಕೆ ಬರೆದು ಹಾಕಿದ್ರಂತೆ. ಅದು ಬರ್ಲಿ ಅಂತ ತೂತು ತೆರೆದೇ ಬಿಟ್ಟಿದ್ರು ಅಂತಾರೆ ಅವರ ಹೆಂಡತಿ. ಆದ್ರೆ ಕಾರಲ್ಲಿ ಎಡಗಡೆ ತೂತಿಗೂ ಬಿರಡೆ ಇದೆಯಲ್ಲ ಎಲಿಯೊ, ಹೊಚ್ಚಹೊಸದು." ಶನಿವಾರ, ಕೆಲಸ ಮುಗಿದ ಮೇಲೆ ತೆರೆದ ತೂತನ್ನು ಹಾಗೇ ಬಿಟ್ಟು ಬಂದು ಅಭ್ಯಾಸವಿಲ್ಲದ ಎಲಿಯೊನ ಕೈ, ಅವನನ್ನು ಕೇಳದೆಯೇ ಜೇಬಿನಿಂದೊಂದು ಬಿರಡೆ ತೆಗೆದು ಒತ್ತಿತ್ತು.